ಗಾಡಿಯಕ್ಕ ಕಾರು ಕೊಂಡದ್ದು

ಅವಳ ಹೆಸರು ಹೇಳಿ ವಿಚಾರಿಸಿದರೆ ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಾಡಿಯಕ್ಕ ಎಂದರೆ ಸಾಕು, ಎಳೆಮಕ್ಕಳೂ ಮನೆ ತೋರಿಸುತ್ತಿದ್ದರು. ಹೆಣ ಸಾಗಿಸುವ ವ್ಯಾನು ಅವಳದು. ಅಪ್ಪ ಓಡಿಸುತ್ತಿದ್ದ ವ್ಯಾನು. ಅಪ್ಪ ಹೋದಮೇಲೆ ಅದರ ಕೀಲಿ ಮುಟ್ಟಲು ಇಬ್ಬರು ಅಣ್ಣಂದಿರೂ ಒಲ್ಲೆವೆಂದಾಗ ಇವಳು ಕೈಚಾಚಿ ತೆಗೆದುಕೊಂಡಳು. ಹೆಂಗಸು ಹೆಣದ ಗಾಡಿ ಓಡಿಸುವುದುಂಟೇ ಎಂದು ನೆಂಟರೆಲ್ಲ ಬಾಯಿ ಬಡಿದುಕೊಂಡರು. "ಹೆಣ ಏನೂ ತಕರಾರು ಮಾಡಿಲ್ಲ, ನಿಮ್ಮದೇನು?" ಎಂದು ಕೇಳಿ ಗಾಡಿ ಏರಿದ್ದಳು. ಆಮೇಲೆ ಅವಳನ್ನು ಮದುವೆಯಾದವನು ಒಬ್ಬ ಟೈಲರು. ನಾನು ಬದುಕಿದ್ದವರ ಅಳತೆ ತೆಗೆಯುತ್ತೇನೆ, ನೀನು ಸತ್ತವರನ್ನು ನೋಡಿಕೋ, ಗಿರಾಕಿಗಾಗಿ ನಮ್ಮಿಬ್ಬರಲ್ಲಿ ಜಗಳವಿಲ್ಲ ಎಂದ ಗಂಡು ಅವನೊಬ್ಬನೇ.

ವ್ಯಾನಿಗೂ ವಯಸ್ಸಾಯಿತು. ಗಾಡಿಯಕ್ಕನ ತಲೆ ನರೆಯುವ ಹೊತ್ತಿಗೆ ಅದರ ಎಂಜಿನ್ನು ಮೂರು ಸಲ ಬಿಚ್ಚಿಸಿಕೊಂಡಿತ್ತು. ಊರಿನ ಸ್ಮಶಾನ ಗುಡ್ಡದ ಮೇಲಿದೆ. ಬುಡದವರೆಗೆ ಜನ ತಮ್ಮ ತಮ್ಮ ವಾಹನಗಳಲ್ಲಿ ಬರುತ್ತಾರೆ. ಅಲ್ಲಿಂದ ಮುಂದೆ ದಾರಿ ಕಿರಿದು, ಹೆಣದ ಗಾಡಿ ಒಂದೇ ಮೇಲೇರಬೇಕು, ಉಳಿದವರು ಅದರ ಹಿಂದೆ ನಡೆಯಬೇಕು. ನಡಿಗೆಯ ವೇಗದಲ್ಲಿ ಏರು ಹತ್ತುವುದೆಂದರೆ ಆ ಮುದಿ ಎಂಜಿನ್ನಿನ ಜೀವಕ್ಕೇ ಬರುತ್ತಿತ್ತು. ಒಂದು ದಿನ ಊರಿಗೆಲ್ಲ ಅಕ್ಷರ ಕಲಿಸಿದ ಹಿರಿಯ ಟೀಚರಮ್ಮನನ್ನು ಒಯ್ಯುವಾಗ ಅದು ಅರ್ಧ ಏರಿನಲ್ಲಿ ಕೆಮ್ಮಿತು, ಗುಡುಗಿತು, ಹಿಂದೆ ನಡೆಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಮುಖಕ್ಕೆ ಕರಿಹೊಗೆ ಉಗುಳಿ ನಿಂತುಬಿಟ್ಟಿತು. ಅಳುತ್ತಿದ್ದವರು ಅಳು ಬಿಟ್ಟು ಕೆಮ್ಮತೊಡಗಿದರು. ಹೋದವಳಿಗಿಂತ ಗಾಡಿಗೇ ಸಂಕಟ ಜಾಸ್ತಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಅಂದರು. ಯಾರೋ ನಕ್ಕರು. ಸ್ಟಿಯರಿಂಗ್ ಹಿಡಿದು ಕೂತಿದ್ದ ಗಾಡಿಯಕ್ಕನಿಗೆ ಎರಡೂ ಕೇಳಿಸಿತು.

ಅದಾದ ಕೆಲವೇ ದಿನಗಳಲ್ಲಿ ಮತ್ತೊಂದು ಸಾವಿನ ಮನೆಯ ಮುಂದೆ ಅವಳು ಹಿಂಬಾಗಿಲು ತೆಗೆದು ನಿಂತಿದ್ದಾಗ ಬೆನ್ನಿಗೆ ಏನೋ ತಾಗಿದಂತಾಗಿ ತಿರುಗಿದಳು. ಆಳೆತ್ತರದ ಕಪ್ಪು ಕಾರೊಂದು ಗೇಣು ದೂರದಲ್ಲಿ ನಿಂತಿತ್ತು. ಬಂದದ್ದೇ ಗೊತ್ತಾಗಿರಲಿಲ್ಲ, ಬೆಕ್ಕಿನ ಹೆಜ್ಜೆ. ಬೆಚ್ಚಿಬಿದ್ದಿದ್ದಕ್ಕೆ ನಾಲ್ಕು ಮಾತು ಬೈದು, ಆಮೇಲೆ ಅದರ ಡ್ರೈವರನ್ನು ಬಿಡದೆ ಕೆದಕಿದಳು. ಹೈಬ್ರಿಡ್ ಅಂತೆ. ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಮೆಲ್ಲಗೆ ಹೋಗುವಾಗ ಎಂಜಿನ್ನು ಮಲಗುತ್ತದೆ, ಮೋಟಾರು ಎಳೆಯುತ್ತದೆ. ಬ್ರೇಕು ಒತ್ತಿದಾಗ, ಇಳಿಜಾರಿನಲ್ಲಿ ಇಳಿದಾಗ ಬ್ಯಾಟರಿ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ. ಹಾಗಾದರೆ ನಡಿಗೆಯ ವೇಗದಲ್ಲಿ ಹೊಗೆಯಿಲ್ಲವೇ ಎಂದು ಕೇಳಿದಳು. ಹೊಗೆಯೂ ಇಲ್ಲ, ಸದ್ದೂ ಇಲ್ಲ ಎಂದ ಅವನು. ಹಿಂದಿನ ಸೀಟು ಮಡಚಿದರೆ ಎಷ್ಟು ಉದ್ದ ಜಾಗವಾಗುತ್ತದೆ ಎಂದಳು. ಅಳೆದು ನೋಡಿದಳು ಕೂಡ, ಮೊಳಗೈಯಿಂದ. ಡ್ರೈವರು ಆ ಅಳತೆ ಯಾವುದಕ್ಕೆಂದು ಅರ್ಥವಾಗಿ ಪೆಚ್ಚುಮೋರೆ ಹಾಕಿದ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಮೆಷಿನ್ ತುಳಿಯುವುದನ್ನು ನಿಲ್ಲಿಸಿದ.

"ಮೂಗಿಗಿಂತ ಮೂಗುತಿ ಭಾರ ಆಗುತ್ತಲ್ಲೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಹಾಸಿಗೆ ಹೊಲಿಯೋರು ನೀವೇ ಅಲ್ವಾ? ಒಂದು ಗಜ ಉದ್ದ ಮಾಡಿ."

ಹೊಸದು ಕೊಳ್ಳುವ ಮಾತಿರಲಿಲ್ಲ, ಬಳಸಿದ್ದೇ ಆಗಬೇಕು. ಪೂರ್ತಿ ಬ್ಯಾಟರಿಯ ಕಾರೂ ಆಗುತ್ತಿರಲಿಲ್ಲ, ಏಕೆಂದರೆ ದೂರದ ಆಸ್ಪತ್ರೆಗಳಿಂದ ಹೆಣ ತರುವಾಗ ನಡುದಾರಿಯಲ್ಲಿ ಚಾರ್ಜಿಗೆ ಹಾಕಿ ಮನೆಯವರನ್ನು ಕಾಯಿಸುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಸಣ್ಣ ಕಾರಿನಲ್ಲಿ ಮನುಷ್ಯ ನೀಟಾಗಿ ಮಲಗುವುದಿಲ್ಲ. ಹೀಗೆ ಎಲ್ಲ ಕಡೆಯಿಂದ ಲೆಕ್ಕ ಹಾಕಿದರೂ ಬೆರಳು ಬಂದು ನಿಲ್ಲುತ್ತಿದ್ದುದು ಸಾಹುಕಾರರು ಓಡಾಡುವ ಆ ದೊಡ್ಡ ಕಾರಿನ ಮೇಲೆಯೇ. ಸಾಹುಕಾರರದ್ದಾದರೆ ಏನೀಗ, ಅವರು ಬಿಟ್ಟಿದ್ದನ್ನು ತಾನೇ ಕೊಳ್ಳುತ್ತಿರುವುದು ಎಂದುಕೊಂಡಳು. ಗುಡ್ಡದ ಕೆಳಗೆ ಅಪ್ಪ ಬಿಟ್ಟುಹೋದ ತುಂಡು ಜಾಗವಿತ್ತು. ಅದನ್ನು ಮಾರಿದಳು.

ಆದರೆ ಆ ಕಾರುಗಳ ವಿಷಯ ಅವಳಿಗೆ ಒಂದಕ್ಷರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನಾಚಿಕೆಯೂ ಇರಲಿಲ್ಲ. ಐಟಿಐ ಕಾಲೇಜಿನಲ್ಲಿ ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ರಿಪೇರಿ ಕಲಿಸುವ ಮೇಷ್ಟ್ರೊಬ್ಬರಿದ್ದರು. ಕಾಲೇಜು ಬಿಡುವ ಹೊತ್ತಿಗೆ ಗೇಟಿನಲ್ಲಿ ವ್ಯಾನು ನಿಲ್ಲಿಸಿಕೊಂಡು ಕಾದಳು. ಮೇಷ್ಟ್ರು ವ್ಯಾನು ನೋಡಿದವರೇ ತಮ್ಮ ಪೈಕಿ ಯಾರು ಹೋದರೆಂದು ಗಾಬರಿಯಾದರು. ವಿಷಯ ತಿಳಿದ ಮೇಲೆ ಲ್ಯಾಬಿಗೆ ಕರೆದೊಯ್ದು, ಬಿಚ್ಚಿಟ್ಟ ಬ್ಯಾಟರಿಯೊಂದನ್ನು ತೋರಿಸಿ ತಾಳ್ಮೆಯಿಂದ ಹೇಳಿಕೊಟ್ಟರು. ಮೊದಲನೆಯದಾಗಿ, ನೋಡಲು ಹೋದಾಗ ಎಂಜಿನ್ನು ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನು ತನ್ನ ಕಾಯಿಲೆ ಬಚ್ಚಿಡುತ್ತದೆ. ಕಾರಿನ ಪ್ರಾಣವೆಲ್ಲ ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿಯಲ್ಲಿದೆ, ಅದು ಉಸಿರಾಡುವ ಜಾಲರಿ ಕಟ್ಟಿಕೊಂಡರೆ ಬಿಸಿಯಾಗಿ ಸಾಯುತ್ತದೆ. ಅದರ ಬಲ ಎಷ್ಟು ಉಳಿದಿದೆ ಎಂಬುದನ್ನು ಕಣ್ಣಿಂದ ಹೇಳಲಾಗದು, ಒಳಗಿನ ಲೆಕ್ಕ ಓದುವ ಸ್ಕ್ಯಾನರ್ ಯಂತ್ರವನ್ನು ಕಾರಿಗೆ ಚುಚ್ಚಿ ಓಡಿಸಿಯೇ ನೋಡಬೇಕು. ಇವೆಲ್ಲದರ ಜೊತೆಗೆ ನೀರಿನಲ್ಲಿ ಮುಳುಗೆದ್ದ ಕಾರನ್ನು ಬಿಟ್ಟಿ ಕೊಟ್ಟರೂ ಮುಟ್ಟಬಾರದು ಎಂದರು. ಸ್ಕ್ಯಾನರ್ ಹಿಡಿದು ತಾವೇ ಬರುವುದಾಗಿಯೂ ಹೇಳಿದರು. ಟೀಚರಮ್ಮ ಅವರಿಗೂ ಅಕ್ಷರ ಕಲಿಸಿದವರು.

ಹಳೆ ಕಾರುಗಳ ಬ್ರೋಕರನ್ನು ಊರೆಲ್ಲ ಬೆಲ್ಲ ಎಂದು ಕರೆಯುತ್ತಿತ್ತು, ಮಾತು ಅಷ್ಟು ಸಿಹಿ. ಅವನು ತೋರಿಸಿದ ಮೊದಲ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗಾಡಿಯಕ್ಕ ಕಾರಿನ ಸುತ್ತ ಬರುವ ಮೊದಲು ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟಳು. ಬಿಸಿಯಿತ್ತು. ಬಿಸಿಲಿಗೆ ಎಂದ ಬೆಲ್ಲ. ಕಾರು ನಿಂತಿದ್ದುದು ಶೆಡ್ಡಿನ ನೆರಳಿನಲ್ಲಿ. ನಾಳೆ ಬರುತ್ತೇನೆ, ಬರುವವರೆಗೆ ಸ್ಟಾರ್ಟ್ ಮಾಡಬೇಡ ಎಂದು ಹೇಳಿ ಹೋದಳು. ಮರುದಿನವೂ ಬಾನೆಟ್ಟು ಬೆಚ್ಚಗೇ ಇತ್ತು. ಯಾಕೆ ಸ್ಟಾರ್ಟ್ ಮಾಡಿದೆ ಎಂದು ಅವಳು ಕೇಳಲೇ ಇಲ್ಲ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಇಷ್ಟು ಅನುಮಾನ ಇದ್ದರೆ ಈ ಜನ್ಮದಲ್ಲಿ ಕಾರು ಕೊಂಡ ಹಾಗೇ ಎಂದು ಬೆಲ್ಲ ಹಿಂದಿನಿಂದ ಕೂಗಿದ. ತನಗೆ ಅವಸರವಿಲ್ಲ, ತನ್ನ ಗಿರಾಕಿಗಳಿಗೂ ಇಲ್ಲ ಎಂದು ಅವಳು ತಿರುಗದೆ ಉತ್ತರ ಕೊಟ್ಟಳು.

ಎರಡನೆಯದರ ಬಾಗಿಲು ತೆಗೆದೊಡನೆ ಅತ್ತರಿನ ಘಮ ಮುಖಕ್ಕೆ ಹೊಡೆಯಿತು. ಗಾಡಿಯಕ್ಕ ಅಲ್ಲೇ ನಿಂತಳು. ಪರಿಮಳ ಜಾಸ್ತಿಯಾದ ಕಡೆ ಕೆಳಗೆ ಇನ್ನೊಂದು ವಾಸನೆ ಇರುತ್ತದೆ ಎಂಬುದನ್ನು ಅವಳಿಗೆ ಯಾವ ಮೇಷ್ಟ್ರೂ ಕಲಿಸಬೇಕಿರಲಿಲ್ಲ. ಆ ಪಾಠದಲ್ಲಿ ಅವಳಿಗೆ ಅರ್ಧ ಆಯುಷ್ಯದ ಅನುಭವ. ಸೀಟ್ ಬೆಲ್ಟನ್ನು ಪೂರಾ ಹೊರಗೆಳೆದಳು. ಕೊನೆಯ ಮೊಳದಷ್ಟು ಪಟ್ಟಿ ಮಣ್ಣುಬಣ್ಣಕ್ಕೆ ತಿರುಗಿತ್ತು, ನೀರು ನಿಂತ ಗೆರೆ ಅಂಚಿನಿಂದ ಅಂಚಿಗೆ ಎದ್ದು ಕಾಣುತ್ತಿತ್ತು. ಸೀಟಿನ ಕೆಳಗೆ ಕೈ ಹಾಕಿದರೆ ಕಂಬಿಯ ಸಂದಿಯಲ್ಲಿ ಒಣಗಿದ ಕೆಸರು.

"ಇದು ಎಷ್ಟು ದಿನ ನೀರಲ್ಲಿತ್ತಪ್ಪ?"

"ಅಕ್ಕ, ಒಂದೇ ಒಂದು ಮಳೆ…"

"ನಾನು ಹೆಣ ಸಾಗಿಸೋಳು ಅಂತ ನನಗೂ ಒಂದು ಹೆಣಾನೇ ಮಾರ್ತೀಯಾ?"

ಬೆಲ್ಲ ಇಂಗು ತಿಂದ ಮಂಗನಂತಾದ. ಆದರೆ ಅವನೂ ವ್ಯಾಪಾರಿ. ಈಕೆಗೆ ಮೋಸ ನಡೆಯುವುದಿಲ್ಲ, ಆದರೆ ಕೊಳ್ಳುವುದು ಖಂಡಿತ ಎಂದು ತಿಳಿದ ಮೇಲೆ ನಿಜವಾಗಿಯೂ ಒಳ್ಳೆಯ ಕಾರನ್ನು ಹುಡುಕಿದ. ಅದು ದೊಡ್ಡ ದೊಡ್ಡ ಕಟ್ಟಡ ಕಟ್ಟಿಸುವ ಕಂಟ್ರಾಕ್ಟರರೊಬ್ಬರದು. ಒಬ್ಬರೇ ಓಡಿಸಿದ್ದು, ಸರ್ವಿಸೆಲ್ಲ ಕಂಪನಿಯಲ್ಲೇ ಆಗಿತ್ತು. ಅವರ ಮನೆಯೊಳಗೆ ಹೋಗುವ ಮುಂಚೆ ಬೆಲ್ಲ ಅವಳನ್ನು ಕಾಂಪೌಂಡಿನ ಮರೆಗೆ ಕರೆದು, ಯಾತಕ್ಕೆ ಕೊಳ್ಳುವುದೆಂದು ಬಾಯಿ ಬಿಡಬೇಡಿ, ಮೊಮ್ಮಕ್ಕಳ ಓಡಾಟಕ್ಕೆ ಎಂದುಬಿಡಿ ಎಂದು ಬೇಡಿಕೊಂಡ. ತನಗೆ ಮೊಮ್ಮಕ್ಕಳಿಲ್ಲ ಎಂದಳು ಗಾಡಿಯಕ್ಕ.

ಬಾನೆಟ್ಟು ಕಲ್ಲಿನಷ್ಟು ತಣ್ಣಗಿತ್ತು. ಮಾತು ಕೊಟ್ಟಂತೆ ಜೊತೆಗೆ ಬಂದಿದ್ದ ಮೇಷ್ಟ್ರು ಟಾರ್ಚು ಹಿಡಿದು ಎಂಜಿನ್ನಿನ ನೀರು, ಅದರ ಪಕ್ಕದಲ್ಲಿ ಮೋಟಾರಿಗೆ ಕರೆಂಟು ಕೊಡುವ ಇನ್ವರ್ಟರಿನದೇ ಬೇರೆ ನೀರಿನ ಡಬ್ಬಿ, ಚಕ್ರಗಳ ಒಳಗಿನ ಬ್ರೇಕಿನ ತಟ್ಟೆ ಎಲ್ಲ ಬಗ್ಗಿ ನೋಡಿದರು. ಮೋಟಾರೇ ವೇಗ ತಗ್ಗಿಸುವುದರಿಂದ ಈ ಕಾರುಗಳಲ್ಲಿ ಬ್ರೇಕಿಗೆ ಕೆಲಸ ಕಮ್ಮಿ, ಕೂತು ಕೂತೇ ತುಕ್ಕು ಹಿಡಿಯುತ್ತದಂತೆ. ಇಲ್ಲಿ ಒಂದಿಷ್ಟು ಹಿಡಿದಿತ್ತು, ಉಜ್ಜಿದರೆ ಹೋಗುವಂಥದ್ದು. ಗಾಡಿಯಕ್ಕ ಹಿಂದಿನ ಸೀಟಿನ ಬುಡದಲ್ಲಿ ಮೊಣಕಾಲೂರಿ ಜಾಲರಿಯೊಳಗೆ ಬೆರಳು ತೂರಿಸಿದಳು. ಬೆರಳ ಜೊತೆ ಹಿಡಿಯಷ್ಟು ಬಿಳಿ ಕೂದಲು ಬಂತು. ಅಂಗಳದಲ್ಲಿ ಕರುವಿನ ಗಾತ್ರದ ಬಿಳಿ ನಾಯಿಯೊಂದು ಬಾಲ ಅಲ್ಲಾಡಿಸುತ್ತ ನಿಂತಿತ್ತು. ಈ ಕಾರಿನಲ್ಲಿ ನಿಮ್ಮ ನಾಯಿಯೂ ಓಡಾಡುತ್ತಿತ್ತೇ ಎಂದು ಮೇಷ್ಟ್ರು ಕೇಳಿದರು. ನಾಯಿಗಾಗಿಯೇ ಈ ಕಾರು ಎಂದು ಕಂಟ್ರಾಕ್ಟರು ಹೆಮ್ಮೆಯಿಂದ ಹೇಳಿದರು. ಬ್ಯಾಟರಿಯ ಉಸಿರು ಕಟ್ಟುತ್ತಿದೆ, ಯಾರು ಕೊಂಡರೂ ಕೊಳ್ಳದಿದ್ದರೂ ನೀವು ಇದನ್ನು ಕ್ಲೀನ್ ಮಾಡಿಸಿಬಿಡಿ ಎಂದಳು ಗಾಡಿಯಕ್ಕ.

ಆಮೇಲೆ ಓಡಿಸಿ ನೋಡುವ ಸರದಿ. ಅವಳು ಸ್ಟಿಯರಿಂಗ್ ಹಿಡಿದಳು, ಪಕ್ಕದಲ್ಲಿ ಸ್ಕ್ಯಾನರ್ ಚುಚ್ಚಿಕೊಂಡು ಮೇಷ್ಟ್ರು, ಹಿಂದೆ ಕಂಟ್ರಾಕ್ಟರು ಮತ್ತು ಬೆಲ್ಲ. ಕಾರು ಗೇಟು ದಾಟಿದ್ದು ನೆರಳು ಸರಿದಂತೆ. ಊರಾಚೆ ವೇಗ ಹೆಚ್ಚಿಸಿದಾಗ ಎಂಜಿನ್ನು ಎಚ್ಚರಗೊಂಡಿತು, ಒಂದು ಕುಲುಕೂ ಇಲ್ಲ. ವೇಗ ಇಳಿಸಿದಾಗ ಮತ್ತೆ ಮಲಗಿತು. ಅವಳು ನೇರ ಗುಡ್ಡದ ದಾರಿ ಹಿಡಿದು, ಏರಿನ ಬುಡದಲ್ಲಿ ವೇಗವನ್ನು ನಡಿಗೆಗೆ ಇಳಿಸಿದಳು. ಇಕ್ಕೆಲದ ಹುಲ್ಲಿನಲ್ಲಿ ಜೀರುಂಡೆ ಕೂಗುವುದು ಕಾರಿನೊಳಗೆ ಕೇಳಿಸುತ್ತಿತ್ತು. ಬೆಲ್ಲ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿಕೊಂಡ.

"ಕಾರನ್ನ ಹೀಗೆ ಯಾರಮ್ಮ ಓಡಿಸ್ತಾರೆ? ಹೈವೇಗೆ ಹೋಗಿ, ಅಲ್ಲಿ ಗೊತ್ತಾಗುತ್ತೆ ಇದರ ತಾಕತ್ತು," ಎಂದರು ಕಂಟ್ರಾಕ್ಟರು.

"ಇದಕ್ಕೆ ಇನ್ಮೇಲೆ ಇದೇ ಕೆಲಸ ಸಾರ್. ಹಿಂದೆ ಹೆಣ ಇರುತ್ತೆ, ಅದರ ಹಿಂದೆ ಜನ ನಡೀತಾ ಇರ್ತಾರೆ. ಇಷ್ಟೇ ನಿಧಾನ ಹತ್ತಬೇಕು."

ಕಂಟ್ರಾಕ್ಟರು ನಿಲ್ಲಿಸಲು ಹೇಳಿದರು. ನಿಲ್ಲಿಸಿದಳು. ಅವರು ಬಾಗಿಲು ತೆಗೆದು ಹೊರಗೆ ನೋಡಿದರೆ ಎದುರಿಗೇ ಸ್ಮಶಾನದ ಗೇಟು. ಅಲ್ಲಿ ಇಳಿಯಲೂ ಮನಸ್ಸು ಬಾರದೆ ಬಾಗಿಲು ಮತ್ತೆ ಹಾಕಿಕೊಂಡರು. ಗಾಡಿ ತಿರುಗಿಸು ಎಂದರು. ಮನೆಯ ಅಂಗಳಕ್ಕೆ ಬಂದ ಮೇಲೆ ಅವರ ಕೋಪಕ್ಕೆ ಬಾಯಿ ಬಂತು. ತಮ್ಮ ಹೆಂಡತಿ ಮಕ್ಕಳು ಕೂತ ಕಾರು, ಅದರಲ್ಲಿ ಕಂಡಕಂಡವರ ಹೆಣ ಹೇರಲು ಕೊಡುವಷ್ಟು ತಾವು ಕೆಟ್ಟಿಲ್ಲ ಎಂದರು. ಗಾಡಿಯಕ್ಕ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟಳು.

"ಇದರಲ್ಲಿ ಇಷ್ಟು ದಿನ ಕೂತೋರು ಯಾರೂ ಸಾಯದೇ ಇರೋರಲ್ಲ ಸಾರ್. ನಾಯಿ ಕೂತ ಜಾಗದಲ್ಲಿ ಮನುಷ್ಯರು ಮಲಗಿದ್ರೆ ಮೈಲಿಗೆನಾ?"

ಅವರು ಗೇಟು ತೋರಿಸಿದರು. ಅವಳು ನಡೆದಳು. ಕಾರು ಚಿನ್ನದಂಥದ್ದು, ಬ್ಯಾಟರಿಯ ಒಂದು ಭಾಗ ಸ್ವಲ್ಪ ಸೋತಿದೆ ಅಷ್ಟೇ, ಅದನ್ನು ಬದಲಾಯಿಸಬಹುದು ಎಂದು ಮೇಷ್ಟ್ರು ದಾರಿಯಲ್ಲಿ ಹೇಳಿದರು. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಹೊಟ್ಟೆ ಉರಿಯಿತು.

ಎರಡು ದಿನ ಬಿಟ್ಟು ಬೆಲ್ಲ ಮನೆಗೇ ಬಂದ. ಉಪಾಯ ಸುಲಭವಾಗಿತ್ತು: ಕಾರನ್ನು ಅವನು ತನ್ನ ಹೆಸರಿಗೆ ಕೊಳ್ಳುತ್ತಾನೆ, ನಾಲ್ಕು ದಿನ ಬಿಟ್ಟು ಅವಳ ಹೆಸರಿಗೆ ಮಾಡಿಸುತ್ತಾನೆ. ಕಂಟ್ರಾಕ್ಟರಿಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬಟ್ಟೆಗೆ ಗುರುತು ಹಾಕುತ್ತಿದ್ದ ಗಂಡ ತಲೆಯೆತ್ತಿ, ಇದಾಗಬಹುದು ಎಂದ.

"ಬೇಡ," ಎಂದಳು ಗಾಡಿಯಕ್ಕ. "ಆಸ್ಪತ್ರೆಗೆ ಹೋದ್ರೆ ಹಿಂದಿನ ಗೇಟು. ಅಪಾರ್ಟ್‌ಮೆಂಟಿಗೆ ಹೋದ್ರೆ ಕಸ ಇಳಿಸೋ ಲಿಫ್ಟು. ಹೋಟೆಲಲ್ಲಿ ಯಾರಾದ್ರೂ ಸತ್ರೆ ಅಡುಗೆಮನೆ ಬಾಗಿಲು. ಹಿಂಬಾಗಿಲಿಂದ ಹೊತ್ತು ಹೊತ್ತು ಸಾಕಾಗಿದೆ ನನಗೆ. ಈ ಗಾಡಿ ಮುಂಬಾಗಿಲಿಂದಾನೇ ಬರ್ಬೇಕು. ಬರದಿದ್ರೆ ಬೇಡ."

ಗಂಡ ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕತ್ತರಿ ಎತ್ತಿಕೊಂಡ. ಮುಂದಿನ ವಾರಗಳಲ್ಲಿ ಅವಳು ಇನ್ನೂ ಕೆಲವು ಕಾರು ನೋಡಿದಳು. ಒಂದರ ಚಾವಣಿಯ ಗಾಜಿನಿಂದ ನೀರು ಸೋರುತ್ತಿತ್ತು, ಇನ್ನೊಂದು ರಾತ್ರಿ ನಿಲ್ಲಿಸಿದರೆ ಬೆಳಗಿನ ಹೊತ್ತಿಗೆ ಒಂದು ಪಕ್ಕಕ್ಕೆ ಕುಸಿದು ಕೂರುತ್ತಿತ್ತು. ಮಧ್ಯೆ ವ್ಯಾನು ಮತ್ತೆರಡು ಸಲ ಏರಿನಲ್ಲಿ ಕೈಕೊಟ್ಟಿತು. ಎರಡನೆಯ ಸಲ ಸತ್ತವನ ತಮ್ಮಂದಿರೇ ಹಿಂದಿನಿಂದ ತಳ್ಳಿದರು. ಆ ದಿನ ಅವಳು ಮನೆಗೆ ಬಂದು ಊಟ ಮಾಡದೆ ಮಲಗಿದಳು. ಬೆಲ್ಲನ ಮಾತು ಕೇಳಬಹುದಿತ್ತೇನೋ ಎಂದು ಮನಸ್ಸು ಒಂದು ಗಳಿಗೆ ಜಾರಿತು. ಬೆಳಗ್ಗೆ ಎದ್ದಾಗ ಜಾರಿದ್ದು ಮತ್ತೆ ತನ್ನ ಜಾಗಕ್ಕೆ ಬಂದಿತ್ತು.

ಇತ್ತ ಕಂಟ್ರಾಕ್ಟರ ಕಾರು ಮಾರಾಟವಾಗಲಿಲ್ಲ. ನೋಡಲು ಬಂದವರೆಲ್ಲ ಸ್ಕ್ಯಾನರ್ ಚುಚ್ಚಿದರು, ಒಂದು ಭಾಗ ಸೋತಿದೆ ಎಂದು ತಿಳಿದೊಡನೆ ಬ್ಯಾಟರಿಯೇ ಹೋಗಿದೆ ಎಂದು ಪುಕಾರು ಹಬ್ಬಿಸಿ ಬಾಯಿಗೆ ಬಂದ ಬೆಲೆ ಕೇಳಿದರು. ಜಾಲರಿ ಕ್ಲೀನ್ ಮಾಡಿಸಿ ಎಂದು ಬಾಯಿಬಿಟ್ಟು ಹೇಳಿದವಳು ಆ ಹೆಂಗಸೊಬ್ಬಳೇ ಎಂಬುದು ಅವರಿಗೂ ನೆನಪಿದ್ದಿರಬೇಕು. ಒಂದು ಮಧ್ಯಾಹ್ನ ತಾವೇ ಫೋನ್ ಮಾಡಿ, ಇನ್ನೂ ಬೇಕೇ ಎಂದು ಕೇಳಿದರು.

ಅವಳು ಗಂಡನನ್ನೂ ಕರೆದುಕೊಂಡು ಹೋದಳು. ಮಾತು ಸುಸೂತ್ರವಾಗಿ ಮುಗಿಯಿತು. ಕಾಗದಗಳ ಮೇಲೆ ಸಹಿ ಬೀಳುವ ಮುಂಚೆ ಕಂಟ್ರಾಕ್ಟರು ಗಂಟಲು ಸರಿಮಾಡಿಕೊಂಡು ಒಂದು ಷರತ್ತು ಹಾಕಿದರು. ಕಾರು ತಮ್ಮದೆಂದು ಬೀದಿಯವರಿಗೆಲ್ಲ ಗೊತ್ತು. ಅದು ಇನ್ನು ಮೇಲೆ ಈ ಬೀದಿಯಲ್ಲಿ ಕಾಣಿಸಬಾರದು, ಬರುವುದಿಲ್ಲ ಎಂದು ಅವಳು ಬರೆದುಕೊಡಬೇಕು. ಗಂಡ ಅವಳ ಸೆರಗು ಜಗ್ಗಿದ, ಒಪ್ಪಿಕೋ ಎಂದು.

"ಬರ್ಕೊಡ್ತೀನಿ ಸಾರ್," ಎಂದಳು ಗಾಡಿಯಕ್ಕ. "ಈ ಬೀದೀಲಿ ಯಾರೂ ಸಾಯಲ್ಲ ಅಂತ ಮೊದಲು ನೀವು ಬರ್ಕೊಡಿ."

ಕಂಟ್ರಾಕ್ಟರು ಅವಳನ್ನೇ ನೋಡಿದರು. ಒಳಗೆ ಯಾರೋ, ಬಹುಶಃ ಅವರ ಹೆಂಡತಿ, ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡದ್ದು ಕೇಳಿಸಿತು. ಅವರು ಪೆನ್ನು ತೆಗೆದು ಸಹಿ ಹಾಕಿದರು. ಎರಡನೇ ಕೀಲಿಯನ್ನೂ ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಗೇಟನ್ನು ತಾವೇ ತೆಗೆದರೋ ಕಾವಲಿನವನು ತೆಗೆದನೋ ಅವಳು ಗಮನಿಸಲಿಲ್ಲ, ತೆರೆದಿತ್ತು, ಹೊರಬಂದಳು.

ಸೋತ ಭಾಗವನ್ನು ಮೇಷ್ಟ್ರು ತಮ್ಮ ಲ್ಯಾಬಿನಲ್ಲೇ ಬದಲಾಯಿಸಿದರು. ನಾಯಿಕೂದಲು ಇನ್ನೂ ಒಂದು ಚೀಲದಷ್ಟು ಬಂತು. ಸಾರಿಗೆ ಕಚೇರಿಯಲ್ಲಿ ಇಂಥ ಕಾರನ್ನು ಹೆಣದ ಗಾಡಿ ಎಂದು ನೋಂದಾಯಿಸಲು ಬರುವುದಿಲ್ಲ ಎಂದ ಗುಮಾಸ್ತನ ಮುಂದೆ, ಯಾವ ಕಾನೂನಿನಲ್ಲಿ ಹಾಗಿದೆ ತೋರಿಸಿ ಎಂದು ದಿನವೂ ಹೋಗಿ ಕೂತಳು. ತೋರಿಸಲು ಸಿಗದೆ ಅವನೇ ಬೇಸತ್ತು ಮುದ್ರೆ ಒತ್ತಿದ. ಗಂಡ ಯಾರೂ ಕೇಳದೆಯೇ ಹಿಂದಿನ ಗಾಜುಗಳ ಅಳತೆ ತೆಗೆದು ಬೂದುಬಣ್ಣದ ಪರದೆ ಹೊಲಿದ. ಹೊಲಿಗೆ ಒಂದು ಕಡೆ ಸೊಟ್ಟಗಾಗಿದೆ ಎಂದು ಅವಳು ತೋರಿಸಿದಾಗ, ಮಲಗಿದವರು ದೂರು ಹೇಳುವುದಿಲ್ಲ ಎಂದ.

ಆ ಕಾರಿನಲ್ಲಿ ಮೊದಲು ಹೋದವಳು ಬಸ್ ನಿಲ್ದಾಣ ಗುಡಿಸುತ್ತಿದ್ದ ಮುದುಕಿ. ಅಂಥ ಕಾರಿನ ಬಾಗಿಲನ್ನು ಅವಳು ಬದುಕಿದ್ದಾಗ ಮುಟ್ಟಿರಲೂ ಇಲ್ಲ. ಅವಳ ಮಗ ಕಾರು ನೋಡಿ, ತನಗೆ ಇಷ್ಟೆಲ್ಲ ಕೊಡಲಾಗುವುದಿಲ್ಲ ಎಂದು ಹಿಂದೆ ಸರಿದ. ವ್ಯಾನಿಗೆ ಎಷ್ಟೋ ಇದಕ್ಕೂ ಅಷ್ಟೇ ಎಂದು ಹೇಳಿ ಗಾಡಿಯಕ್ಕ ಹಿಂಬಾಗಿಲು ತೆಗೆದಳು. ಮೊದಲ ದಿನವೇ ಎಲ್ಲ ಅವಳು ಎಣಿಸಿದಂತೆ ನಡೆಯಲಿಲ್ಲ. ಕಡಿದಾದ ತಿರುವಿನಲ್ಲಿ ಎಂಜಿನ್ನು ಎದ್ದು ಒಂದಿಷ್ಟು ದೂರ ಗುರ್ರೆಂದಿತು, ಅವಳು ಹಲ್ಲು ಕಚ್ಚಿ ಅದಕ್ಕೆ ಶಾಪ ಹಾಕಿದಳು. ಹಿಂದೆ ನಡೆಯುತ್ತಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. ಅವರು ಸತ್ತವಳ ವಿಷಯ ಮಾತಾಡಿಕೊಳ್ಳುತ್ತಿದ್ದರು, ಆ ಮಾತು ಕಿಟಕಿಯಿಂದ ಅವಳ ಕಿವಿಗೂ ಬೀಳುತ್ತಿತ್ತು. ಬಸ್ಸಿನಲ್ಲಿ ಮರೆತುಹೋದ ಕೊಡೆಗಳನ್ನೆಲ್ಲ ಆ ಮುದುಕಿ ಕೂಡಿಟ್ಟು ಮಳೆಗಾಲದಲ್ಲಿ ಕೊಡೆಯಿಲ್ಲದವರಿಗೆ ಹಂಚುತ್ತಿದ್ದಳಂತೆ. ಇಷ್ಟು ವರ್ಷ ಗಾಡಿ ಓಡಿಸಿ, ತಾನು ಹೊತ್ತವರ ಬಗ್ಗೆ ಜನ ಏನು ಮಾತಾಡುತ್ತಾರೆ ಎಂಬುದನ್ನು ಅವಳು ಕೇಳಿದ್ದು ಅದೇ ಮೊದಲು.

ಹಳೆ ವ್ಯಾನು ಊರಾಚೆಯ ಶೆಡ್ಡಿನಲ್ಲಿರುತ್ತಿತ್ತು. ಈ ಕಾರನ್ನು ಅವಳು ಮನೆಯ ಮುಂದೆಯೇ ನಿಲ್ಲಿಸತೊಡಗಿದಳು. ಒಂದು ಭಾನುವಾರ ಬೆಳಗ್ಗೆ ಪೈಪು ಹಿಡಿದು ತೊಳೆಯುತ್ತಿದ್ದಾಗ ಬೀದಿಯ ಹಿರಿಯರು ನಾಲ್ಕೈದು ಜನ ಬಂದು ನಿಂತರು. ಬೆಳಗೆದ್ದು ಬಾಗಿಲು ತೆಗೆದರೆ ಇದರ ಮುಖ ನೋಡಬೇಕಲ್ಲಮ್ಮ, ಶೆಡ್ಡಿನಲ್ಲೇ ನಿಲ್ಲಿಸಿದರೆ ಎಲ್ಲರಿಗೂ ಒಳ್ಳೆಯದು ಎಂದು ಅವರಲ್ಲಿ ದೊಡ್ಡವರು ಮೃದುವಾಗಿಯೇ ಹೇಳಿದರು. ಗಂಡ ಕಿಟಕಿಯಲ್ಲಿ ಮೆಷಿನ್ ನಿಲ್ಲಿಸಿ ಕಿವಿಗೊಟ್ಟ.

"ಕಾರು ಅಂತ ನೋಡಿದ್ರೆ, ಅಣ್ಣ, ಇಡೀ ಬೀದೀಲಿ ಇಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ," ಎಂದಳು ಗಾಡಿಯಕ್ಕ. "ಹೆಣದ ಗಾಡಿ ಅಂತ ನೋಡಿದ್ರೆ, ಇದು ನಿಮ್ಮದೇ. ನಿಮ್ಮ ಗಾಡಿ ನಿಮ್ಮ ಬೀದೀಲಿ ಇರೋದ್ರಲ್ಲಿ ತಪ್ಪೇನಿದೆ?"

ಅವಳು ಉತ್ತರಕ್ಕೆ ಕಾಯದೆ ಪೈಪನ್ನು ಚಕ್ರದ ಕಡೆ ತಿರುಗಿಸಿದಳು. ಕೆಸರುನೀರು ಬೀದಿಗೆ ಹರಿಯಿತು; ಹಿರಿಯರು ಪಂಚೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.